ಚೀಟಿಯಿಲ್ಲದ ಕೊಬ್ಬರಿ

ಹೋದ ತಿಂಗಳು ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಸೀರೆ ತರಲು ತಿಪಟೂರಿಗೆ ಹೋಗಿದ್ದೆ. ಹಳೇ ಮಂಡಿಗಳ ಬೀದಿ ದಾಟುವಾಗ ಮಳೆ ಹಿಡಿದುಕೊಂಡಿತು. ಕೊಡೆ ತಂದಿರಲಿಲ್ಲ, ಸಿಕ್ಕಿದ ಜಗಲಿ ಹತ್ತಿ ನಿಂತೆ. ಒಳಗಿನಿಂದ ಆ ವಾಸನೆ ಬಂತು. ನೆನೆದ ಗೋಣಿ, ಎಣ್ಣೆ ಬಿಟ್ಟ ಕೊಬ್ಬರಿ, ಮೂಟೆಗೆ ಗುರುತು ಬರೆಯುವ ಕಪ್ಪು ಮಸಿ, ಮೂರೂ ಸೇರಿದ್ದು. ಗಲ್ಲಾದ ಮುಂದೆ ಕೂತಿದ್ದವರು ತಲೆಯೆತ್ತಿ, "ಏನ್ ಬೇಕಿತ್ತಮ್ಮ?" ಅಂದರು. "ಏನಿಲ್ಲಪ್ಪ, ಮಳೆ" ಅಂದೆ. ಅನ್ನುತ್ತಲೇ ನನ್ನ ಕೈ ತಾನಾಗಿ ಚೀಲದ ಬಾಯಿ ಅಗಲಿಸಿ ಅವರಿಗೆ ಕಾಣುವ ಹಾಗೆ ಹಿಡಿಯಿತು. ಅವರು ಕೇಳಿರಲಿಲ್ಲ. ಪಾಪ, ಅವರಿಗೆ ಅರ್ಥವೂ ಆಗಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷವಾದರೂ ಈ ಹಾಳು ಅಭ್ಯಾಸ ಹೋಗಲಿಲ್ಲವಲ್ಲ ಅಂತ.

ಆ ಅಭ್ಯಾಸ ಹತ್ತಿದ್ದು ನಂಜಪ್ಪನವರ ಮಂಡಿಯಲ್ಲಿ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಜೂನಿಯರ್ ಪಾಸು ಮಾಡಿ, ಕಿಬ್ಬನಹಳ್ಳಿ ಪಕ್ಕದ ನಮ್ಮೂರಲ್ಲಿ ಹೆಣ್ಣು ನೋಡಲು ಬರುವವರಿಗೆ ಕಾಫಿ ಕೊಡುವುದೇ ಕೆಲಸವಾಗಿ ಕೂತಿದ್ದೆ. ನಮ್ಮಪ್ಪ ಬೋರೇಗೌಡ. ನಮ್ಮ ತೋಟದ ಕಾಯಿ ವರ್ಷವಿಡೀ ಅಟ್ಟದ ಮೇಲೆ ಒಣಗಿ, ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುವ ಉಂಡೆ ಕೊಬ್ಬರಿಯಾದ ಮೇಲೆ ನಂಜಪ್ಪನವರ ಮಂಡಿಗೇ ಹೋಗುತ್ತಿತ್ತು. ತಾತನ ಕಾಲದಿಂದ ಹಾಗೆ. ಬೇರೆ ಮಂಡಿಯ ಮೆಟ್ಟಿಲನ್ನು ಅಪ್ಪ ಹತ್ತಿದವರಲ್ಲ.

ನಮ್ಮ ಕಡೆಯ ಕೊಬ್ಬರಿ ದೀಪಾವಳಿಗೆ, ಮದುವೆಗಳಿಗೆ ಅಂತ ಉತ್ತರದ ಊರುಗಳಿಗೆ ಲಾರಿಯಲ್ಲಿ ಹೋಗುತ್ತದೆ. ಲಾರಿ ರಾಜ್ಯದ ಗಡಿ ದಾಟಬೇಕಾದರೆ ಚೆಕ್‌ಪೋಸ್ಟಿನಲ್ಲಿ ಕಾಗದ ತೋರಿಸಬೇಕು. ಯಾರ ಮಾಲು, ಯಾರಿಗೆ, ಎಷ್ಟು ಮೂಟೆ, ಎಷ್ಟು ತೂಕ. ಆಗ ಕೆಲವು ಮಂಡಿಗಳು ಸೇರಿ ಒಂದು ಕೂಟ ಮಾಡಿಕೊಂಡಿದ್ದವು. ಕೂಟದ ಕೋಣೆಯಲ್ಲಿ ಇಬ್ಬರು ಗುಮಾಸ್ತರು ಕೂತು ಎಲ್ಲರ ಕಾಗದವನ್ನೂ ಸಿದ್ಧ ಮಾಡಿ, ಕೂಟದ ಮೊಹರು ಒತ್ತಿ ಕೊಡುತ್ತಿದ್ದರು. ಆ ಮೊಹರು ಕಂಡರೆ ಚೆಕ್‌ಪೋಸ್ಟಿನವರು ಮೂಟೆ ಮುಟ್ಟುತ್ತಿರಲಿಲ್ಲ. ಅಡ್ಡಗಂಬ ಎತ್ತಿ ಬಿಟ್ಟುಬಿಡುತ್ತಿದ್ದರು.

ನಂಜಪ್ಪನವರಿಗೆ ಆ ಕೋಣೆಯ ಮೇಲೇ ಅನುಮಾನ ಬಂತು. ಕೂಟದ ಅಧ್ಯಕ್ಷರು ಯಾರದೋ ಮದುವೆಯ ಪಂಕ್ತಿಯಲ್ಲಿ ಕೂತು, ನಂಜಪ್ಪನವರ ದಿಲ್ಲಿ ಗಿರಾಕಿ ಒಬ್ಬನ ಹೆಸರು ಹೇಳಿ ಹೊಗಳಿದರಂತೆ. ಅಷ್ಟೇ. ಒಬ್ಬಟ್ಟು ಅರ್ಧಕ್ಕೆ ಬಿಟ್ಟು ಎದ್ದು ಬಂದರು.

"ನಮ್ ಗಿರಾಕಿ ಹೆಸ್ರು ಅವ್ನ ಬಾಯಿಗೆ ಹೆಂಗ್ಲಾ ಬಂತು? ನಮ್ ಕಾಗ್ದ ನೋಡ್ಕಂಡೇ ಅಲ್ವಾ? ಇವತ್ತು ಹೆಸ್ರು, ನಾಳೆ ನಮ್ ರೇಟು. ಕೂಟಾನೂ ಬ್ಯಾಡ ಪಾಟಾನೂ ಬ್ಯಾಡ. ನಮ್ ಕಾಗ್ದ ನಾವೇ ಬರ್ಕತೀವಿ ಬುಡು" ಅಂದರು.

ಅನ್ನುವುದು ಸುಲಭ. ಅವರ ಹಳೆಯ ಗುಮಾಸ್ತರು ಗಂಗಾಧರಯ್ಯನವರು ಲೆಕ್ಕ ಬರೆಯುವುದರಲ್ಲಿ ಗಟ್ಟಿಗರು, ಆದರೆ ಚೆಕ್‌ಪೋಸ್ಟಿಗೆ ಕೈಬರಹ ನಡೆಯುತ್ತಿರಲಿಲ್ಲ. ಟೈಪು ಮಾಡಿದ್ದೇ ಬೇಕು, ಅದೂ ನಾಲ್ಕು ಪ್ರತಿ. ಒಂದು ಲಾರಿಗೆ, ಒಂದು ಚೆಕ್‌ಪೋಸ್ಟಿಗೆ, ಒಂದು ತೆರಿಗೆ ಆಫೀಸಿಗೆ, ಒಂದು ಮಂಡಿಗೆ. ಆ ವಾರ ಮೂಟೆ ತಂದಿದ್ದ ನಮ್ಮಪ್ಪ, "ನಮ್ ಜಯ ಟೈಪಿಂಗ್ ಕಲ್ತವ್ಳೆ, ಸಾವ್ಕಾರ್ರೆ" ಅಂದುಬಿಟ್ಟರು. ಮರುದಿನ ನನ್ನನ್ನು ಕರೆದುಕೊಂಡು ಹೋದರು.

ನಂಜಪ್ಪನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಗೌಡ, ನಿನ್ ಮಗಳು ಅಂತ ತಗಂತಾ ಇವ್ನಿ. ಏನಾರಾ ಹೆಚ್ಚುಕಮ್ಮಿ ಆದ್ರೆ ಅವ್ಳನ್ನ ಕೇಳಕಿಲ್ಲ, ನಿನ್ನನ್ನೇ ಕೇಳೋದು" ಅಂದರು.

"ಆಯ್ತು, ಕೇಳಿ" ಅಂದರು ಅಪ್ಪ. ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು. ನಾನು ಎಡವಿದರೆ ಬೀಳುವವರು ಅವರು.

ತುಮಕೂರಿನಿಂದ ಹಳೆಯ ಟೈಪ್‌ರೈಟರ್ ಬಂತು. ಅದರ ಟಿ ಅಕ್ಷರ ಒತ್ತಿದರೆ ಮೇಲೇ ಅಂಟಿಕೊಳ್ಳುತ್ತಿತ್ತು, ತಿಪಟೂರು ಅಂತ ಹೊಡೆದಾಗಲೆಲ್ಲ ಬೆರಳಿನಿಂದ ಬಿಡಿಸಬೇಕು. ಆಮೇಲೆ ಕಾರ್ಬನ್ನು, ಕಾಗದದ ರೀಮು, ಹೊಸ ರಬ್ಬರ್ ಮೊಹರು. ಚೆಕ್‌ಪೋಸ್ಟಿನಲ್ಲಿ ಕಾದು ಕೂತು ಕಾಗದ ತೋರಿಸಲು ಒಬ್ಬ ಆಳು, ಅವನ ಊಟ, ಅವನ ಬಸ್ಸಿನ ಖರ್ಚು. ಒಂದೊಂದು ಬಂದಾಗಲೂ ನಂಜಪ್ಪನವರ ಮುಖ ಹುಣಿಸೆಹಣ್ಣು ತಿಂದ ಹಾಗಾಗುತ್ತಿತ್ತು. ಗಂಗಾಧರಯ್ಯನವರು ಮೂಗಿನ ತುದಿಯ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಗೊಣಗುತ್ತಿದ್ದರು: "ಕೂಟಕ್ಕೆ ವರ್ಷಕ್ಕೊಂದು ವಂತಿಗೆ ಬಿಸಾಕಿದ್ರೆ ಮುಗೀತಿತ್ತು. ಈಗ ನೋಡಿ, ಮಂಡಿಗಿಂತ ಕಾಗದದ ಸಂಸಾರವೇ ದೊಡ್ಡದಾಯ್ತು."

ಖರ್ಚಿಗಿಂತ ಹೆಚ್ಚು ಬೆಳೆದದ್ದು ಅನುಮಾನ. ಬಳಸಿದ ಕಾರ್ಬನ್ ಹಾಳೆಯನ್ನು ಬೆಳಕಿಗೆ ಹಿಡಿದರೆ ಹೊಡೆದದ್ದೆಲ್ಲ ಓದಬಹುದು ಅಂತ ಯಾರೋ ನಂಜಪ್ಪನವರ ಕಿವಿಗೆ ಹಾಕಿದರು. ಅವತ್ತಿನಿಂದ ಸಂಜೆ ಸಂಜೆ ಕಾರ್ಬನ್ನುಗಳನ್ನೆಲ್ಲ ಹಿತ್ತಲಿನ ಒಲೆಯಲ್ಲಿ ಅವರ ಕಣ್ಣೆದುರಿಗೇ ಸುಡಬೇಕು. ಕಾಫಿಯೂ ಅದೇ ಒಲೆಯಲ್ಲಿ ಕಾಯುವುದು. ಆ ಕಾಫಿಗೆ ಎಂಥದೋ ಎಣ್ಣೆ ಕಮಟು. ಹೊರಡುವಾಗ ನನ್ನ ಚೀಲದ ಬಾಯಿ ತೆರೆದು ತೋರಿಸಬೇಕು. ಊಟದ ಡಬ್ಬಿ, ಕೊಡೆ, ಬಸ್ಸಿನ ಚಿಲ್ಲರೆ. "ತಪ್ಪು ತಿಳ್ಕಬ್ಯಾಡ ಕಣವ್ವ" ಅನ್ನುತ್ತಿದ್ದರು. ತಪ್ಪು ತಿಳಿಯದೆ ಇನ್ನೇನು ತಿಳಿಯಬೇಕಿತ್ತೋ.

ಇಷ್ಟೆಲ್ಲ ಜಿಗುಟು ಮನುಷ್ಯ, ಮಾಲಿನ ವಿಷಯಕ್ಕೆ ಬಂದರೆ ಕೈ ಧಾರಾಳ. ಬೀದಿಯಲ್ಲಿ ಹೋಗುವ ಮಕ್ಕಳಿಗೆ ಕರೆದು ಕೊಬ್ಬರಿ ಚೂರು ಕೊಡುವವರು. ನನಗದೂ ಅನುಮಾನವೇ. ಕೊಡುವ ಕೈ ಏನನ್ನೋ ಮುಚ್ಚಿಕೊಳ್ಳಲು ಕೊಡುತ್ತದೆ ಅನ್ನುವ ಜಾತಿ ನಾನು. ನಮ್ಮಮ್ಮ ನನ್ನನ್ನು ಸಂತೆಗೆ ಕಳಿಸುತ್ತಿರಲಿಲ್ಲ, ತಕ್ಕಡಿ ಹಿಡಿದವರ ಜೊತೆಗೆಲ್ಲ ಜಗಳ ತರುತ್ತಾಳೆ ಅಂತ. ಮಂಡಿಯಲ್ಲಿ ಗಂಗಾಧರಯ್ಯನವರ ಮೇಲೆ ನನಗೆ ಒಂದು ಕಣ್ಣು. ಅವರು ತಕ್ಕಡಿ ನೋಡಿ ತೂಕ ಕೂಗುತ್ತಿದ್ದರು, ನಾನು ಹೊಡೆಯುತ್ತಿದ್ದೆ. ಕೂಟದ ಗುಮಾಸ್ತರೊಬ್ಬರು ಅವರ ಬೀಗರು ಬೇರೆ.

ಗೌರಿಹಬ್ಬ ಕಳೆದ ಮೇಲೆ ಸೋನೆ ಹಿಡಿಯಿತು. ದೀಪಾವಳಿಯ ಮಾಲು ಹೊರಡುವ ಕಾಲ. ಬೀದಿ ತುಂಬ ಲಾರಿ, ಕೆಸರು. ಒಳಗೆ ತಕ್ಕಡಿಯ ಮೇಲೆ ಮೂಟೆ ತೂಗಿ, ಎಳೆದುಕೊಂಡು ಜಗಲಿಗೆ ತರುತ್ತಿದ್ದರು. ಅಲ್ಲಿ ನಿಂಗಮ್ಮ ದಬ್ಬಳ ಹಿಡಿದು ಮೂಟೆಯ ಬಾಯಿ ಹೊಲಿಯುತ್ತಿದ್ದಳು. ಪಕ್ಕದ ಕೊಬ್ಬರಿ ರಾಶಿಗೆ ಒರಗಿದ ಹಾಗೆ ಕುರ್ಚಿ ಹಾಕಿಕೊಂಡು ನಂಜಪ್ಪನವರು, ಪ್ರತಿ ಮೂಟೆಗೂ ಕೈಯಾಡಿಸಿ, "ಹೊಲಿಯವ್ವ" ಅನ್ನುತ್ತಿದ್ದರು. ನಾನು ಒಳಕೋಣೆಯಲ್ಲಿ ಟೈಪ್‌ರೈಟರಿನ ಮುಂದೆ.

ಮೊದಲ ಲಾರಿಯನ್ನು ಚೆಕ್‌ಪೋಸ್ಟಿನವರು ಕಾಗದ ನೋಡಿ ಬಿಟ್ಟರು. ಎರಡನೆಯದು ನಿಂತಿತು. ಡ್ರೈವರ್ ಖಾದರಣ್ಣ ಲಾರಿಯನ್ನು ಚೆಕ್‌ಪೋಸ್ಟಿನಲ್ಲೇ ಬಿಟ್ಟು ಬಸ್ಸು ಹಿಡಿದು ಬಂದ. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದ.

"ಕೂಟದ ಮೊಹರು ಇಲ್ಲ ಅಂತ ಮೂಟೆ ಇಳಿಸಿ ತೂಗಿದ್ರು ಸಾವ್ಕಾರ್. ಕಾಗದದಲ್ಲಿ ಇರೋದಕ್ಕಿಂತ ಜಾಸ್ತಿ ಐತೆ. ಒಂದ್ ಮೂಟೆ ಅಲ್ಲ, ಎಲ್ಲಾ ಮೂಟೇನೂ. ಲೆಕ್ಕಕ್ಕಿಲ್ಲದ ಮಾಲು ಸಾಗಿಸ್ತೀರಿ ಅಂತಾರೆ."

ನಂಜಪ್ಪನವರು ದಂಡ ಕಟ್ಟಿಸಿ ಬಿಡಿಸಿಕೊಂಡರು. ಆದರೆ ಅವತ್ತಿನಿಂದ ನಿದ್ದೆ ಬಿಟ್ಟವರ ಹಾಗಾದರು. ಮುಂದಿನ ಲಾರಿಯೂ ನಿಂತಿತು, ಅದೇ ಕತೆ. ಮಳೆಗಾಳಿಗೆ ತೂಕ ಏರಿರಬೇಕು ಅಂತ ಗಂಗಾಧರಯ್ಯನವರು ಅಂದಿದ್ದಕ್ಕೆ ಹಾರಿಬಿದ್ದರು.

"ಏನ್ರೀ ಅಯ್ಯನೋರೆ, ನಂಗೇ ಹೇಳ್ಕೊಡ್ತೀರಾ? ಟಾರ್ಪಾಲಿನೊಳಗೆ ಒಣಕೊಬ್ಬರಿ ತೂಕ ಕಳ್ಕಂಡೀತೇ ಹೊರ್ತು ಏರ್ಸ್ಕಳಾದು ಎಲ್ಲಾರಾ ಉಂಟಾ? ಕಾಗ್ದದಲ್ಲಿ ಕಮ್ಮಿ ಬಿದ್ದೈತೆ. ಯಾರೋ ಬೇಕಂತ್ಲೇ ಮಾಡ್ತಾ ಅವ್ರೆ."

ಅಂದು ನನ್ನ ಕಡೆ ನೋಡಿದರು. ಗಂಗಾಧರಯ್ಯನವರೂ ನನ್ನ ಕಡೆ ನೋಡಿದರು. "ನಾನು ಕೂಗಿದ ತೂಕ ಸರಿಯಾಗಿದೆ. ಹೊಡೆದವರನ್ನು ಕೇಳಿ" ಅಂದರು ತಣ್ಣಗೆ.

ಸಿಟ್ಟು ನೆತ್ತಿಗೇರಿತು. "ಹಂಗಾರೆ ನಾನೇ ತಕ್ಕಡಿ ಹತ್ರ ನಿಂತ್ಕಂಡು ತೂಕ ಬರ್ಕತೀನಿ. ಯಾರೂ ಕೂಗೋದೂ ಬ್ಯಾಡ, ನಾನು ಕೇಳೋದೂ ಬ್ಯಾಡ" ಅಂದೆ. ಗಂಗಾಧರಯ್ಯನವರು ಮುಖ ಸಿಂಡರಿಸಿಕೊಂಡು ಎದ್ದು ಹೋದರು. ಕಳ್ಳನ ಮುಖ ಹೀಗೇ ಇರುತ್ತದೆ ಅಂದುಕೊಂಡೆ. ಮುಂದಿನ ಲಾರಿಗೆ ಒಂದೊಂದು ಮೂಟೆಯನ್ನೂ ಮುಳ್ಳು ನಿಲ್ಲುವವರೆಗೆ ನೋಡಿ ಬರೆದುಕೊಂಡು, ಒಳಗೆ ಹೋಗಿ ಒಂದಕ್ಷರ ತಪ್ಪದೆ ಹೊಡೆದೆ. ಇನ್ನು ಸಿಕ್ಕಿಬೀಳುವವರು ಸಿಕ್ಕಿಬೀಳಲಿ ಅಂತ.

ಸಿಕ್ಕಿಬಿದ್ದದ್ದು ನಾನು. ಆ ಲಾರಿಯೂ ನಿಂತಿತು. ಈಗ ನೋಡಿದವಳೂ ನಾನೇ, ಬರೆದವಳೂ ನಾನೇ, ಹೊಡೆದವಳೂ ನಾನೇ. ಬೆರಳು ತೋರಿಸಲು ಇನ್ನೊಬ್ಬರು ಉಳಿದಿರಲಿಲ್ಲ. ನಂಜಪ್ಪನವರು ನನ್ನ ಹತ್ತಿರ ಮಾತೇ ಆಡಲಿಲ್ಲ. ನಮ್ಮಪ್ಪನಿಗೆ ಹೇಳಿ ಕಳಿಸಿದರು.

ಅವತ್ತು ಹೊಸ ಲಾರಿಗೆ ತುಂಬುತ್ತಿದ್ದರು. ಅಪ್ಪ ಚಪ್ಪಲಿ ಕೆಳಗೆ ಬಿಟ್ಟು ಜಗಲಿ ಹತ್ತಿದರು. ಕೂತುಕೊಳ್ಳಿ ಅನ್ನಲಿಲ್ಲ ಯಾರೂ. ಅದುವರೆಗೆ ಆ ಮಂಡಿಯಲ್ಲಿ ಅಪ್ಪ ನಿಂತು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ನನ್ನನ್ನೂ ಹೊರಗೆ ಕರೆದರು. ಅಪ್ಪನ ಪಕ್ಕ, ಹೊಲಿಯುವ ಮೂಟೆಗಳ ಎದುರಿಗೆ ನಿಂತೆ.

"ಗೌಡ, ನಿನ್ ಮಗಳಿಗೆ ಕೂಟದೋರು ಎಷ್ಟ್ ಕೊಟ್ಟವ್ರೆ ಕೇಳು" ಅಂದರು ನಂಜಪ್ಪನವರು.

ಅಪ್ಪನ ಮುಖ ಕಪ್ಪಿಟ್ಟಿತು. "ಸಾವ್ಕಾರ್ರೆ, ಹಂಗನ್ಬ್ಯಾಡಿ. ನಮ್ ಮನೇಲಿ ಬಡತನ ಐತೆ, ಆ ಬುದ್ಧಿ ಇಲ್ಲ."

"ಬುದ್ಧಿ ನೋಡ್ದೆ ಬುಡು. ಚೆಕ್‌ಪೋಸ್ಟ್‌ನಾಗೆ ನಾನು ಕಳ್ಳ ಅನ್ಸ್ಕಂಡೆ. ಈ ನಂಜಪ್ಪ ಕಳ್ಳ ಅನ್ಸ್ಕಂಡ! ಯಾರಿಂದ? ಈ ಹುಡ್ಗಿಯಿಂದ. ನಾಳೆಯಿಂದ ಇವ್ಳು ಬರಾದು ಬ್ಯಾಡ. ನಿನ್ ಮಾಲೂ ಬ್ಯಾಡ. ಬೀದೀಲಿ ಯಾರ್ ಕೇಳಿದ್ರೂ ಹೇಳೇ ಹೇಳ್ತೀನಿ, ಯಾಕೆ ಬುಡ್ಸಿದ್ದು ಅಂತ."

ಆಳುಗಳು ಎಳೆದು ತಂದ ಒಂದು ಮೂಟೆ ಅವರ ಮೊಣಕಾಲಿಗೆ ತಾಗಿ ನಿಂತಿತು. ಅವರು ನಮ್ಮ ಮೇಲೆ ಕಣ್ಣಿಟ್ಟು ಬೈಯುತ್ತಲೇ, ಎಡಗೈಯಲ್ಲಿ ಮೂಟೆಯ ಬಾಯಿ ಅಗಲಿಸಿ, ಬಲಗೈಯನ್ನು ಪಕ್ಕದ ರಾಶಿಗೆ ಹಾಕಿ, ಕೈಗೆ ಸಿಕ್ಕಿದಷ್ಟು ಕೊಬ್ಬರಿ ಎತ್ತಿ ಒಳಗೆ ಹಾಕಿದರು. "ಹೊಲಿಯವ್ವ" ಅಂದರು. ಮತ್ತೆ ಬೈಯತೊಡಗಿದರು. ಇನ್ನೊಂದು ಮೂಟೆ ಬಂತು. ಮತ್ತೆ ಕೈ ರಾಶಿಗೆ ಹೋಯಿತು.

ಕೊಸರು. ನಮ್ಮ ಕಡೆ ಬೆಲ್ಲ ಕೊಂಡರೂ ಕೊಸರು, ಹೂವು ಕೊಂಡರೂ ಕೊಸರು. ತೂಕವಾದ ಮೇಲೆ ಕೈಯೆತ್ತಿ ಇಷ್ಟು ಹಾಕದಿದ್ದರೆ ವ್ಯಾಪಾರ ಮುಗಿದ ಹಾಗಲ್ಲ. ನಾನು ಹುಟ್ಟಿದಾಗಿನಿಂದ ಕಂಡದ್ದು, ಹಾಗಾಗಿ ಕಂಡೇ ಇರಲಿಲ್ಲ. ಅವತ್ತು ಅಪ್ಪನ ಪಕ್ಕ ನಿಂತು, ನಾಚಿಕೆಗೆ ತಲೆ ತಗ್ಗಿಸಿದ್ದಕ್ಕೆ ಆ ಕೈ ಕಣ್ಣಿಗೆ ಬಿತ್ತು.

"ಸಾವ್ಕಾರ್ರೆ, ಈ ಮೂಟೇನ ಇನ್ನೊಂದ್ಸಲ ತಕ್ಕಡಿಗೆ ಹಾಕ್ಸಿ" ಅಂದೆ.

"ಏನೇ?"

"ಹಾಕ್ಸಿ. ನಾನು ಕಳ್ಳಿ ಆದ್ರೆ ಆಮೇಲೆ ಬೀದೀಲಿ ನಿಂತು ಕೂಗುವ್ರಂತೆ."

ಹಾಕಿದರು. ಗಂಗಾಧರಯ್ಯನವರೇ ಮುಳ್ಳು ನೋಡಿದರು. ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಜಾಸ್ತಿ ಇದೆ" ಅಂದರು.

ನಿಂಗಮ್ಮ ದಬ್ಬಳ ಹಿಡಿದ ಕೈ ಹಾಗೇ ನಿಲ್ಲಿಸಿದ್ದಳು. ನಂಜಪ್ಪನವರು ತಮ್ಮ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. ಆಮೇಲೆ ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು:

"ಕೊಸರಿಗೂ ತೂಕ ಉಂಟೇನವ್ವ?"

ನನಗೆ ನಗು ಬರಬೇಕಿತ್ತು. ಅಳು ಬಂತು. ಅಪ್ಪ ಸೊಂಟದ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡರು, ಮಳೆಯೇನೂ ಅವರ ಮೇಲೆ ಬೀಳುತ್ತಿರಲಿಲ್ಲ. ಕೂಟದ ಮೊಹರಿದ್ದಾಗ ಯಾರೂ ಮೂಟೆ ತೂಗಿದವರಲ್ಲ. ಹಾಗಾಗಿ ಅಷ್ಟು ವರ್ಷ ಆ ಹಿಡಿ ಕೊಬ್ಬರಿ ಯಾರ ಕಣ್ಣಿಗೂ ಬೀಳದೆ ಗಡಿ ದಾಟುತ್ತಿತ್ತು. ನಂಜಪ್ಪನವರು ತಪ್ಪಾಯಿತು ಅನ್ನಲಿಲ್ಲ. "ಗೌಡ, ಕೂತ್ಕಳಪ್ಪ. ಕಾಫಿ ಕುಡಿ" ಅಂದರು. ಅಪ್ಪ ಕೂತರು. ನಾನು ಕೂರಲಿಲ್ಲ.

"ಕೊಸರನ್ನೂ ಸೇರ್ಸಿ ತೂಗಿ, ಬರ್ದೇ ಕಳ್ಸನ" ಅಂದೆ ಮರುದಿನ.

"ಬರ್ದ್ರೆ ಅದು ಮಾಲಾಯ್ತದೆ ಕಣವ್ವ. ಮಾಲಾದ್ರೆ ದುಡ್ ಕೇಳ್ಬೇಕು, ತೆರಿಗೆ ಕಟ್ಬೇಕು. ಕೊಸರು ಎಲ್ಲಿ ಉಳೀತು?" ಅಂದರು. ಕೊಸರು ನಿಲ್ಲಿಸಿದರು. ಕುರ್ಚಿಯನ್ನು ರಾಶಿಯಿಂದ ದೂರ ಎಳೆದು ಹಾಕಿಕೊಂಡು, ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತರು. ಲಾರಿ ಹೋಯಿತು. ಚೆಕ್‌ಪೋಸ್ಟಿನಲ್ಲಿ ತೂಗಿದರು, ಕಾಗದಕ್ಕೆ ಸರಿಹೋಯಿತು, ಬಿಟ್ಟರು. ನಾನು ಗೆದ್ದೆ ಅಂದುಕೊಂಡೆ.

ಆ ಮಾಲು ದಿಲ್ಲಿ ಮುಟ್ಟಿದ ಮೇಲೆ ಟ್ರಂಕ್ ಕಾಲ್ ಬಂತು. ನಂಜಪ್ಪನವರು ತಮ್ಮ ಹರುಕು ಮುರುಕು ಹಿಂದಿಯಲ್ಲಿ ಬೀದಿಗೆಲ್ಲ ಕೇಳುವ ಹಾಗೆ "ವಜನ್ ಬರಾಬರ್ ಹೈ ಸೇಠ್‌ಜೀ, ಬರಾಬರ್!" ಅಂತ ಕೂಗಿದರು. ಕೂಗಿ ಕೂಗಿ, ಕೊನೆಗೆ ಫೋನಿಟ್ಟರು. ತೂಕ ಸರಿಯಾಗಿದೆ, ಅದೇ ಅನುಮಾನ ಅಂದಿದ್ದನಂತೆ ಆ ಸೇಠು. ಇಷ್ಟು ವರ್ಷ ಮೂಟೆ ಬಿಚ್ಚಿದರೆ ನಿಮ್ಮ ಕೈ ಕಾಣುತ್ತಿತ್ತು. ಈ ಸಲ ಕಾಣಲಿಲ್ಲ. ಮಂಡಿ ಮಾರಿಬಿಟ್ಟಿರೋ, ಮಾಲು ಬೇರೆಯದೋ? ಮುಂದಿನ ಮಾಲು ಬೇರೆ ಕಡೆ ನೋಡಿಕೊಳ್ಳುತ್ತೇನೆ ಅಂದನಂತೆ.

ದೀಪಾವಳಿಗೆ ಮುಂಚೆಯೇ ನಂಜಪ್ಪನವರು ಬಾಳೆಹಣ್ಣು ವೀಳ್ಯದೆಲೆ ಹಿಡಿದು ಕೂಟದ ಅಧ್ಯಕ್ಷರ ಮನೆಗೆ ಹೋದರು. ಹೋಗುವಾಗ ಇದ್ದ ಬಿಗಿ ಬರುವಾಗ ಇರಲಿಲ್ಲ. "ಆಯ್ತು. ಸೇರ್ಸ್ಕಂಡ್ರು" ಅಂದರು ಗಂಗಾಧರಯ್ಯನವರಿಗೆ. ಕೂಟದ ಮೊಹರಿದ್ದರೆ ತೂಗುವವರಿಲ್ಲ, ಕೊಸರು ಮತ್ತೆ ಹಾಕಬಹುದು. ಆಮೇಲೆ ನನ್ನನ್ನು ನೋಡಿದರು. ಕೂಟದ ಕೋಣೆಯಲ್ಲಿ ಗುಮಾಸ್ತರಿದ್ದರು. ಇನ್ನು ನಮ್ಮ ಟೈಪ್‌ರೈಟರಿಗೆ ಕೆಲಸವಿಲ್ಲ. ಹೆಸರು ಉಳಿಯಿತು, ಕೆಲಸ ಹೋಯಿತು. ಇವರು ಕೂಟಕ್ಕೆ ಹೋದದ್ದು ಗಿರಾಕಿಗಾಗಿಯೋ, ನನ್ನನ್ನು ಸಾಗಹಾಕಲಿಕ್ಕೋ? ಎದುರಿಗೆ ನಿಂತು ಅವರ ಕೈ ತೋರಿಸಿದವಳನ್ನು ಯಾರು ಇಟ್ಟುಕೊಂಡಾರು? ಅವತ್ತೂ ಗೊತ್ತಾಗಲಿಲ್ಲ, ಇವತ್ತೂ ಗೊತ್ತಿಲ್ಲ.

ಕೊನೆಯ ದಿನ ಸಂಬಳ ಕೊಟ್ಟರು. ಅಭ್ಯಾಸದ ಹಾಗೆ ನಾನು ಚೀಲದ ಬಾಯಿ ತೆರೆದು ಹಿಡಿದೆ. ಅವರು ಒಳಗೆ ನೋಡಲಿಲ್ಲ. ರಾಶಿಗೆ ಎರಡು ಕೈಯನ್ನೂ ಹಾಕಿ, ತುಂಬ ಎತ್ತಿ ಚೀಲಕ್ಕೆ ಸುರಿದರು. ಮತ್ತೊಂದು ಬೊಗಸೆ. ಮತ್ತೊಂದು. "ಹಬ್ಬಕ್ಕಾಯ್ತು" ಅಂದರು.

ನಾನು ಕದಲಲಿಲ್ಲ. "ಒಂದ್ ಚೀಟಿ ಬರ್ದ್ಕೊಡಿ, ಸಾವ್ಕಾರ್ರೆ" ಅಂದೆ.

"ಯಾತಕ್ಕೆ?"

"ಕೆಲ್ಸ ಬುಟ್ಟೋಳ ಚೀಲದಾಗೆ ಮಂಡಿ ಕೊಬ್ಬರಿ ಕಂಡ್ರೆ ಬೀದಿಯೋರು ಏನಂತಾರೆ? ಚೀಟಿ ಇಲ್ದೆ ನಾನಿದನ್ನ ಮುಟ್ಟಕಿಲ್ಲ."

ಕುಹಕವಾಡಲಿಲ್ಲ. ನಿಜವಾಗಿಯೂ ಹೆದರಿದ್ದೆ. ಗಂಗಾಧರಯ್ಯನವರು ಲೇಖನಿ ತೆಗೆದದ್ದು ಕಾಣಿಸಿತು. ನಂಜಪ್ಪನವರು ಕೈ ಅಡ್ಡ ಮಾಡಿ ಬೇಡ ಅಂದರು.

"ಕೊಸರಿಗೆ ಕಾಗ್ದ ಇಲ್ಲ ಕಣವ್ವ" ಅಂದು ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡರು. ಚಪ್ಪಲಿ ಮೆಟ್ಟಿದರು. ಜಗಲಿ ಇಳಿದು ನಡೆದೇಬಿಟ್ಟರು. ಪೇಟ ಸುತ್ತಿದ ಆ ದೊಡ್ಡ ಮನುಷ್ಯ ನನ್ನ ಊಟದ ಡಬ್ಬಿಯ ಚೀಲ ಹಿಡಿದು ಮಂಡಿಗಳ ಬೀದಿಯುದ್ದಕ್ಕೂ, ಕೆಸರು ತುಳಿದುಕೊಂಡು, ನಾನು ಹಿಂದೆ. ಜಗಲಿ ಜಗಲಿಯಿಂದಲೂ ಜನ ಎದ್ದು ನೋಡಿದರು. ಕೂಟದ ಕೋಣೆಯ ಬಾಗಿಲಿಗೂ ಬಂದು ನಿಂತರು. "ಏನ್ ಸಾವ್ಕಾರ್ರೆ, ಎಲ್ಲಿಗೆ?" ಅಂದವರಿಗೆಲ್ಲ, "ನಮ್ ಬೋರೇಗೌಡ್ರ ಮಗಳನ್ನ ಬಸ್ ಹತ್ತಿಸ್ಬುಟ್ಟು ಬತ್ತೀನಿ" ಅಂದರು. ಗೌಡ ಅಲ್ಲ, ಗೌಡ್ರು ಅಂದರು.

ಬಸ್ಸಿನ ಕಿಟಕಿಯಿಂದ ಚೀಲ ಒಳಗೆ ಕೊಟ್ಟು, ಬಸ್ಸು ಹೊರಡುವವರೆಗೆ ನಿಂತಿದ್ದರು. ಕಿಬ್ಬನಹಳ್ಳಿಯವರೆಗೂ ಚೀಲ ನನ್ನ ತೊಡೆಯ ಮೇಲೇ ಇತ್ತು, ಕಾಲು ಜೋಮು ಹಿಡಿಯಿತು. ಮನೆಯಲ್ಲಿ ಅಮ್ಮ ಚೀಲ ಎತ್ತಿ ನೋಡಿ, "ಎಷ್ಟೈತೆ ಇದು?" ಅಂತ ಕೇಳಿದಳು. ಅಡಿಗೆಮನೆಯ ಮೂಲೆಯಲ್ಲಿ ತಕ್ಕಡಿ ಇತ್ತು. ನಾನು ತೂಗಲಿಲ್ಲ.